ಲಾರಿ ಎಲ್ಲಿಂದ ಸೋರುತ್ತಿದೆ

ಫೆಬ್ರವರಿ 12, ಬುಧವಾರ. ಬೆಳಗ್ಗೆ.

ಸೋರುತ್ತಿದೆ ಅಂತ ಮೊದಲು ಹೇಳಿದ್ದು ಟೀ ಅಂಗಡಿ ಭ್ರಮರಾಂಬ. ಇವತ್ತು ಬೆಳಗ್ಗೆ, ಎರಡನೇ ಟೀ ಕೈಗೆ ಕೊಡುವಾಗ.

"ತಿರುಮಲೇಶಾ, ನಿನ್ ಲಾರಿ ರಾತ್ರಿ ನಿಂತಲ್ಲೇ ಒಂದಕ್ಕೆ ಹೋಗ್ಬುಟ್ಟೈತೆ ನೋಡ್ಲಾ. ಮಲಗೋ ಮುಂಚೆ ಒಂದ್ಸಲ ಕರ್ಕಂಡ್ ಹೋಗ್ಬಾರ್ದಿತ್ತಾ?"

ಹಿಂದೂಪುರ ಮಾರ್ಕೆಟ್ ಗೇಟಿನ ಮುಂದೆ ನಿಂತಿದ್ದ ಡ್ರೈವರುಗಳೆಲ್ಲ ನಕ್ಕರು. ನಾನೂ ನಕ್ಕೆ. ಬಗ್ಗಿ ನೋಡಿದ ಮೇಲೆ ನಗು ಹೋಯಿತು. ಇಂಜಿನ್ ಕೆಳಗೆ, ನೆಲದ ಮೇಲೆ, ರೊಟ್ಟಿ ಅಗಲ ಕಪ್ಪು. ಬೆರಳಲ್ಲಿ ಒತ್ತಿ ಮೂಸಿದೆ. ಇಂಜಿನ್ ಆಯಿಲ್ಲೇ.

ಸಂಕ್ರಾಂತಿ ಕಳೆದ ಮೇಲೆ ರಾಮಾಂಜಿ ಈ ಇಂಜಿನ್ನು ಪೂರ್ತಿ ಬಿಚ್ಚಿ ಕಟ್ಟಿದ್ದಾನೆ. ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಪ್ಯಾಕಿಂಗು. ಸೋರಬಾರದು. ರಾಮಾಂಜಿ ಕಟ್ಟಿದ್ದು ಸೋರಿದ್ದನ್ನು ನಾನು ಕಂಡಿಲ್ಲ. ಸ್ಕೂಲಲ್ಲಿ ಒಂದೇ ಬೆಂಚು, ಅವತ್ತಿಂದ ನೋಡ್ತಾ ಇದೀನಿ... ಸೈಕಲ್ ಚೈನ್ ಹಾಕಿದರೂ ಮೂರು ಸಲ ತಿರುಗಿಸಿ ನೋಡೋ ಮನುಷ್ಯ.

ಸುಮ್ಮನೆ ಹೆದರಿಕೆ ಅಲ್ಲ ಇದು. ಅಮ್ಮನಿಗೆ ಮಾತು ಕೊಟ್ಟಿದ್ದೀನಿ. ಅಪ್ಪ ಹೋದದ್ದು ರೋಡಲ್ಲಿ. ಓಡುತ್ತಿದ್ದಾಗ ಅಲ್ಲ, ನಿಂತಿದ್ದಾಗ — ಬಳ್ಳಾರಿ ದಾರಿಯಲ್ಲಿ ಲಾರಿ ಕೆಟ್ಟು, ಕೆಳಗೆ ಕೂತು ರಿಪೇರಿ ಮಾಡುವಾಗ ಹಿಂದಿನಿಂದ ಬಂದ ಗಾಡಿ ಗುದ್ದಿತು. ಹೋದ ವರ್ಷ ನನ್ನದೂ ಅಲ್ಲಿ ಇಲ್ಲಿ ನಿಲ್ಲೋಕೆ ಶುರುವಾದಾಗ ಅಮ್ಮ ಅನ್ನ ಬಿಟ್ಟು ಕೂತಳು. "ಮಾರ್ಬುಡು ಕಣ್ಲಾ." ನಾನು ಅವಳ ಕೈ ಮುಟ್ಟಿ ಹೇಳಿದೆ — ಇಂಜಿನ್ ಕಟ್ಟಿಸ್ತೀನಿ, ಆಮೇಲೂ ಉಗಾದಿ ಒಳಗೆ ಒಂದೇ ಒಂದು ಸಲ ರೋಡಲ್ಲಿ ನಿಂತರೆ ಕಲ್ಯಾಣದುರ್ಗದ ಕೇಶವಯ್ಯನಿಗೆ ಕೊಟ್ಟುಬಿಡ್ತೀನಿ. ಅವರು ಎರಡು ವರ್ಷದಿಂದ ಕೇಳ್ತಾ ಇದಾರೆ.

ಮಾತು ಅಂದರೆ ಮಾತು. ನಿಲ್ಲಬಾರದು, ಅಷ್ಟೇ.

ಸಿಮೆಂಟ್ ಲೋಡು ಆಯಿತು. ಕಲ್ಯಾಣದುರ್ಗಕ್ಕೆ. ಹೊರಟೆ.

ಫೆಬ್ರವರಿ 12, ಸಂಜೆ. ಕಲ್ಯಾಣದುರ್ಗ.

ಬಂದು ಮುಟ್ಟಿತು. ದಾರಿಯಲ್ಲಿ ಎರಡು ಕಡೆ ಇಳಿದು ನೋಡಿದೆ. ಆಯಿಲ್ ಸ್ವಲ್ಪ ಇಳಿದಿದೆ, ಜಾಸ್ತಿ ಇಲ್ಲ. ಒಂದು ವಿಚಿತ್ರ — ಆಯಿಲ್ ಅಳೆಯೋ ಕಡ್ಡಿ ತೂತಿನಿಂದ ಅರ್ಧ ಮೇಲೆದ್ದು ನಿಂತಿತ್ತು. ಯಾರೋ ಎಳೆದಿಟ್ಟ ಹಾಗೆ. ರೋಡು ಹಾಗಿದೆ, ಕುಲುಕಿ ಎದ್ದಿರಬೇಕು. ಒತ್ತಿ ಕೂರಿಸಿದೆ.

ಫೆಬ್ರವರಿ 14, ಶುಕ್ರವಾರ.

ರಾಮಾಂಜಿ ಶೆಡ್ಡಿಗೆ ಹೋದೆ. ಅವನು ಕೆಳಗೆ ನುಗ್ಗಿ ಟಾರ್ಚ್ ಹಾಕಿ ನೋಡಿದ. ಕಾಲು ಮಾತ್ರ ಆಚೆ. ಬಹಳ ಹೊತ್ತು ಹಾಗೇ.

"ಏನ್ಲಾ, ನಿದ್ದೆ ಹೋದಾ?"

"ಮುಚ್ಕಂಡಿರ್ಲಾ ಒಂದ್ ನಿಮಿಷ."

ಎದ್ದು ಬಂದ. ಮೂತಿ ಸಣ್ಣದಾಗಿತ್ತು. ಕ್ರ್ಯಾಂಕಿನ ಹಿಂದಿನ ಸೀಲು, ಆಯಿಲ್ ತಡೆಯೋ ರಬ್ಬರ್ ಬಳೆ, ಅದೇ ಇರಬೇಕು ಅಂದ. ನೋಡಬೇಕಾದರೆ ಗೇರ್ ಬಾಕ್ಸ್ ಇಳಿಸಬೇಕು. "ನಾನೇ ಹಾಕಿದ್ದ ಸೀಲು. ಕೂತಿತ್ತು ಸರಿಯಾಗಿ... ಕೂತಿತ್ತು ಕಣ್ಲಾ." ಅದನ್ನೇ ಎರಡು ಸಲ ಹೇಳಿದ. ನನಗಲ್ಲ, ಅವನಿಗೇ.

ಇಳಿಸು ಅಂದೆ.

ಫೆಬ್ರವರಿ 21, ಶುಕ್ರವಾರ.

ಹೊಸ ಸೀಲು ಬಿತ್ತು. ರಾಮಾಂಜಿ ಹಳೇ ಸೀಲು ನನ್ನ ಕೈಗೆ ಕೊಟ್ಟ. ಬಿಸಿಲಿಗೆ ಹಿಡಿದು ನೋಡಿದೆ. ಒಂದು ಗೀರಿಲ್ಲ. "ಇದರಲ್ಲಿ ಏನೂ ಕಾಣ್ತಿಲ್ಲವಲ್ಲೋ" ಅಂದರೆ, "ನನಗೂ ಕಾಣ್ತಿಲ್ಲ, ಅದೇ ನನ್ ಹೊಟ್ಟೆನೋವು" ಅಂದ.

ಮನೆ ಮುಂದೆ ನಿಲ್ಲಿಸಿ ಕೆಳಗೆ ಪೇಪರ್ ಹಾಸಿದೆ. ಅಮ್ಮ ಜಗಲಿಯಲ್ಲಿ ಕೂತು ನೋಡ್ತಿದ್ದಳು.

"ಏನ್ಲಾ, ಅದಕ್ಕೂ ಚಾಪೆ ಹಾಸ್ತೀಯಾ? ದಿಂಬು?"

"ಹುಷಾರಾಗಿದೆ ಕಣಮ್ಮ ಈಗ."

"ಅಂಗಾರೆ ಇನ್ನೂ ಓಡ್ತದೆ ಅನ್ನು."

ಖುಷಿಗೆ ಕೇಳಿದ ಹಾಗಿರಲಿಲ್ಲ.

ಫೆಬ್ರವರಿ 22.

ಪೇಪರ್ ಒಣಗಿದೆ. ಒಂದು ಹನಿ ಇಲ್ಲ. ರಾಮಾಂಜಿಗೆ ಫೋನ್ ಮಾಡಿ "ಗೆದ್ದೆ ಬಿಡೋ" ಅಂದೆ. "ಓಡಿಸಿ ಬಂದು ಹೇಳು" ಅಂದ. ಅವನು ಯಾವತ್ತೂ ಹಾಗೆ. ಹಬ್ಬದ ದಿನವೂ ನಾಳೆ ಮಾತು ಆಡ್ತಾನೆ.

ಫೆಬ್ರವರಿ 25, ಮಂಗಳವಾರ. ಮಡಕಶಿರಾ.

ಸೋರುತ್ತಿದೆ.

ನಿಂತಾಗ ಇಲ್ಲ. ಓಡಿದರೆ ಮಾತ್ರ. ಮಡಕಶಿರಾ ಏರು ಹತ್ತಿಸಿ, ದಾಟಿ ನಿಲ್ಲಿಸಿ ನೋಡಿದರೆ ಹಿಂದಿನ ಕಡೆ ಒದ್ದೆ. ಈ ಸಲ ಮುಂದಿನ ಕಡೆಯೂ. ಕಡ್ಡಿ ಮತ್ತೆ ಎದ್ದಿದೆ, ಈಗ ಪೂರ್ತಿ ಆಚೆ, ಬದಿಗೆ ನೇತಾಡ್ತಿದೆ. ದಾರದಲ್ಲಿ ಕಟ್ಟಿದೆ.

ಆಯಿಲ್ ಕ್ಯಾನು ಸೀಟ್ ಹಿಂದೆ ಇಟ್ಟುಕೊಂಡು ತಿರುಗ್ತಾ ಇದೀನಿ. ಹುಣಸೆ ಸೀಸನ್. ಮಾರ್ಕೆಟ್ಟಲ್ಲಿ ನನ್ನ ಲೋಡು ಬಿಟ್ಟರೆ ಇನ್ನೊಬ್ಬ ಹತ್ತಿಸಿಕೊಳ್ತಾನೆ. ಬಿಡೋ ಹಾಗಿಲ್ಲ, ಹೋಗೋ ಹಾಗಿಲ್ಲ. ಏರಿನಲ್ಲಿ ಕಿವಿ ಎಲ್ಲ ಇಂಜಿನ್ ಕಡೆ. ಹಾಡು ಹಾಕೋದು ಬಿಟ್ಟೆ.

ಮಾರ್ಚ್ 8, ಶನಿವಾರ. ಮಧ್ಯಾಹ್ನ. ಕುಂದುರ್ಪಿ ದಾಟಿ.

ಕೂತಲ್ಲೇ ಬರೀತಿದೀನಿ.

ನಿಂತಿತು. ರೋಡಲ್ಲಿ.

ಕಲ್ಯಾಣದುರ್ಗದಿಂದ ಹುಣಸೆ ಮೂಟೆ ತುಂಬಿ ಬರ್ತಿದ್ದೆ. ಮೊದಲು ವಾಸನೆ. ಒಗ್ಗರಣೆ ಸೀದ ಹಾಗೆ. ಆಮೇಲೆ ಕಾಲ ಹತ್ತಿರ ಹೊಗೆ. ಆಯಿಲ್ ಲೈಟ್ ಕೆಂಪಗೆ ಹತ್ತಿತು. ಬ್ರೇಕ್ ಒತ್ತಿ, ಆಫ್ ಮಾಡಿ ಹಾರಿದೆ. ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಬಿದ್ದು ಉರೀತಿತ್ತು. ಸಣ್ಣ ಉರಿ, ದೀಪದಷ್ಟು. ಮೇಲೆ ಡೀಸೆಲ್ ಪೈಪು. ಹಿಂದೆ ಮೂಟೆ ಮೂಟೆ ಹುಣಸೆ. ಗೋಣಿಚೀಲ ನೀರಲ್ಲಿ ಅದ್ದಿ ಹೊಡೆದೆ, ಮಣ್ಣು ಎರಚಿದೆ, ಮತ್ತೆ ಹೊಡೆದೆ. ಆರಿತು. ಅಂಗಿ ತೋಳು ಸುಟ್ಟಿದೆ, ಕೈ ಸುಟ್ಟಿಲ್ಲ.

ನಿಂತಿರೋದು ತಿರುವಿನಲ್ಲಿ. ಹಿಂದಿನಿಂದ ಬರೋರಿಗೆ ಕೊನೇ ಗಳಿಗೆಯಲ್ಲಿ ಕಾಣುತ್ತೆ. ಓಡಿಹೋಗಿ ಜಾಲಿ ಕೊಂಬೆ ಮುರಿದು ತಂದು ರೋಡಲ್ಲಿ ಹಾಕಿದೆ, ಕಲ್ಲು ಇಟ್ಟೆ. ಕಲ್ಲು ಹೊತ್ತು ಬರುವಾಗ ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ಅಂಚಿಗೆ ಬಂತು. ಗಾಳಿಗೆ ಅಂಗಿ ಹಾರಿತು. ಅಷ್ಟು ಹತ್ತಿರ.

ಈಗ ಹೊಲದ ಬದುವಿನಲ್ಲಿ ಕೂತಿದೀನಿ. ಲಾರಿ ಹತ್ತಿರ ಹೋಗಲ್ಲ. ಅಪ್ಪ ಇಂಥ ಕಡೆಯೇ ಕೂತಿದ್ದಿರಬೇಕು, ಲಾರಿ ಕೆಳಗೆ, ಸ್ಪ್ಯಾನರ್ ಹಿಡಕೊಂಡು. ನಮ್ಮಪ್ಪನಿಗೆ ಬದುವಿನಲ್ಲಿ ಕೂರೋ ಬುದ್ಧಿ ಬರಲಿಲ್ಲ.

ಕಲ್ಯಾಣದುರ್ಗದ ಫಿಟ್ಟರ್ ಅಂಬರೀಶನಿಗೆ ಫೋನ್ ಮಾಡಿದೀನಿ. ಬೈಕಲ್ಲಿ ಬರ್ತಾ ಇದಾನೆ.

ಮಾರ್ಚ್ 8, ಸಂಜೆ.

ಅಂಬರೀಶ ಬಂದ, ನೋಡಿದ, ಬಾಯಲ್ಲಿ ಚ್ಚುಚ್ಚು ಅಂದ.

"ಅಣ್ಣಾ, ನಿಮ್ ಹಿಂದೂಪುರದ ಮೇಸ್ತ್ರಿ ಸೀಲು ಸೊಟ್ಟಗೆ ಬಡಿದವ್ನೆ. ಏಂ ಪನಿ ಇದಿ? ಇದೂ ಒಂದ್ ಕೆಲಸವಾ? ಇಂಥೋರ್ ಕೈಗೆ ಪ್ರಾಣ ಕೊಡ್ತೀರಲ್ಲ."

ಅದು ನೆಟ್ಟಗೆ ಎದೆಗೆ ಬಂತು. ಪ್ರಾಣ ಅನ್ನೋ ಮಾತು.

ಒರೆಸಿ, ಆಯಿಲ್ ತುಂಬಿ, ಸೈಲೆನ್ಸರ್ ಮೇಲೆ ತಗಡು ಬಗ್ಗಿಸಿ ಕಟ್ಟಿಕೊಟ್ಟ. ಇಪ್ಪತ್ತರ ಸ್ಪೀಡಲ್ಲಿ, ಊರೂರಿಗೆ ನಿಲ್ಲಿಸುತ್ತಾ, ಮನೆ ಮುಟ್ಟಿಸಿದೆ. ಪದ್ಮಲತಾ ಅಂಗಿ ತೋಳು ನೋಡಿದಳು. ಹೆಂಡತಿಗೆ ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ, ಎಲ್ಲ ಹೇಳಿದೆ. ಅಮ್ಮನಿಗೆ ಹೇಳಬೇಡ ಅಂದೆ.

"ನಾನ್ಯಾಕೆ ಹೇಳ್ಲಿ? ನೀವೇ ಹೇಳ್ಬೇಕು. ಮಾತು ಕೊಟ್ಟೋರು ನೀವು."

ಹೌದು. ಕೊಟ್ಟ ಮಾತಿನ ಪ್ರಕಾರ ಈ ಲಾರಿ ಇವತ್ತು ಮಧ್ಯಾಹ್ನದಿಂದ ನನ್ನದಲ್ಲ. ಅಮ್ಮ ಒಳಗಿನಿಂದ "ಬಂದ್ಯೇನ್ಲಾ?" ಅಂದಳು. ಬಂದೆ ಅಂದೆ. ಅದಕ್ಕಿಂತ ಜಾಸ್ತಿ ಹೇಳಲಿಲ್ಲ.

ಮಾರ್ಚ್ 9, ಭಾನುವಾರ.

ರಾಮಾಂಜಿ ಶೆಡ್ಡಿನಲ್ಲಿ ನಾಲ್ಕು ಜನ ಇದ್ದರು. ಅವರು ಹೋಗುವ ತನಕ ತಡೆಯಬಹುದಿತ್ತು. ತಡೀಲಿಲ್ಲ. ಸುಟ್ಟ ಅಂಗಿ ಅವನ ಬೆಂಚಿನ ಮೇಲೆ ಎಸೆದೆ.

"ನೋಡ್ಕೊ, ನಿನ್ ಸೀಲು. ಹಾಕೋಕೆ ಬರದಿದ್ರೆ ಬರಲ್ಲ ಅನ್ನಬೇಕಿತ್ತು. ನಮ್ಮಪ್ಪ ಹೋದ ಹಾಗೆ ನಾನೂ ಹೋಗ್ತಿದ್ದೆ."

ಅವನು ಅಂಗಿ ಎತ್ತಿ ನೋಡಿದ. ಮಡಿಸಿದ. ಸುಟ್ಟ ಅಂಗಿಯನ್ನ ಯಾರಾದರೂ ಮಡಿಸ್ತಾರಾ? ಮಡಿಸಿ ನನ್ನ ಕೈಗಿಟ್ಟು, "ಆಯ್ತು. ಬೇರೆ ಮೇಸ್ತ್ರಿ ನೋಡ್ಕೊಳಪ್ಪ" ಅಂದ.

ಲಾ ಅಂದಿದ್ದರೆ ಸಹಿಸ್ತಿದ್ದೆ. ಅಪ್ಪ ಅಂದ, ಯಾರೋ ಗಿರಾಕಿಗೆ ಅಂದ ಹಾಗೆ.

ಮಾರ್ಚ್ 16, ಭಾನುವಾರ.

ಲಾರಿ ಮನೆ ಮುಂದೆ. ಬರೆಯೋಕೆ ಏನೂ ಇರಲಿಲ್ಲ ಇಷ್ಟು ದಿನ.

ಇವತ್ತು ಕೇಶವಯ್ಯ ಬಂದರು, ಕಲ್ಯಾಣದುರ್ಗದಿಂದ. ಹೇಳಿಕಳಿಸಿದ್ದು ಅಮ್ಮ. ನಿಂತಲ್ಲೇ ನಿಂತಿರೋ ಲಾರಿ ನೋಡಿ ಅವಳಿಗೆ ಧೈರ್ಯ ಬಂದಿದೆ. ಕೇಶವಯ್ಯ ಒಳ್ಳೆಯವರೇ. ಟೈರಿಗೆ ಒದ್ದರು, ಬಾಡಿ ಬಡಿದರು, ಕ್ಯಾಬಿನ್ ಹತ್ತಿ ಸ್ಟೇರಿಂಗ್ ಹಿಡಿದು ಕೂತರು. ನಾನು ರೋಡಿನ ಕಡೆ ತಿರುಗಿ ನಿಂತೆ.

"ಸೋರೋದು ಇರ್ಲಿ ಬಿಡಪ್ಪಾ, ನಮ್ ಕಡೆ ಮಾಡಿಸ್ಕೊಂತೀವಿ. ಉಗಾದಿ ಮಾರನೇ ದಿನ ಬತ್ತೀನಿ."

ಅಮ್ಮ ಅವರಿಗೆ ಮಜ್ಜಿಗೆ ಕೊಟ್ಟಳು, ಕರಿಬೇವು ಶುಂಠಿ ಜಜ್ಜಿ ಹಾಕಿ. ನನಗೆ ಕೊಡುವಾಗ ಉಪ್ಪು ಹಾಕೋದೂ ಮರೀತಾಳೆ.

ಅವರು ಹೋದ ಮೇಲೆ ಹತ್ತಿರ ಬಂದು ಕೂತಳು. "ಕಿರಾಣಿ ಅಂಗಡಿ ಇಡು ಮಗಾ. ಸಾಯಂಕಾಲ ಮನೇಲಿರ್ತೀಯ." ನಾನು ಸಾಯಂಕಾಲ ಮನೆಯಲ್ಲಿ ಕೂತು ಏನು ಮಾಡ್ಲಿ? ಯಾರಿಗೆ ಕತೆ ಹೇಳ್ಲಿ? ಬೇಳೆ ಡಬ್ಬಕ್ಕಾ?

ಉಗಾದಿಗೆ ಇನ್ನು ಎರಡು ವಾರ. ಕೇಶವಯ್ಯ ತಗೊಂಡರೆ ಅವರ ಡ್ರೈವರ್ ಆ ಏರು ಹತ್ತಿಸ್ತಾನೆ. ಎಲ್ಲಿಂದ ಸೋರುತ್ತೆ ಅಂತ ಗೊತ್ತಾಗದೆ ಕೊಟ್ಟರೆ, ಉರಿಯನ್ನೂ ಜೊತೆಗೆ ಕೊಟ್ಟ ಹಾಗೆ. ಮಾರಬೇಕಾದರೂ ಮೊದಲು ಅದನ್ನು ಹುಡುಕಬೇಕು. ಇದ್ದ ಒಬ್ಬ ಮೇಸ್ತ್ರಿಗೆ ನಾಲ್ಕು ಜನರ ಮುಂದೆ ಉಗಿದು ಬಂದಿದೀನಿ.

ಮಾರ್ಚ್ 20, ಗುರುವಾರ. ಬೆಳಗ್ಗೆ.

ಅಮ್ಮ ಚಿಲಮತ್ತೂರಿಗೆ ಹೋಗಿದ್ದಾಳೆ, ಚಿಕ್ಕಮ್ಮನ ಮನೆಗೆ. ನಾಳೆ ಬರ್ತಾಳೆ.

ಬಾಗಿಲು ತೆಗೆದರೆ ರಾಮಾಂಜಿ. ಒಂದು ಕೈಯಲ್ಲಿ ಸ್ಪ್ಯಾನರ್ ಚೀಲ, ಇನ್ನೊಂದರಲ್ಲಿ ಮುಖಕ್ಕೆ ಹಚ್ಚೋ ಪೌಡರ್ ಡಬ್ಬ. ದೊಡ್ಡದು.

"ನಿನ್ ಮೇಲೆ ಪ್ರೀತಿ ಉಕ್ಕಿ ಬಂದಿಲ್ಲ" ಅಂದ. "ನಾನ್ ಹಾಕಿದ್ ಸೀಲು ಯಾಕ್ ಸೋರ್ತದೆ ಅಂತ ತಿಳೀದೆ ಅನ್ನ ಸೇರ್ತಿಲ್ಲ. ಡೀಸೆಲ್ ಬಕೆಟ್ ತಗಂಡ್ ಬಾ."

"ಪೌಡರ್ ಯಾಕೆ?"

"ನಿನ್ ಮುಖಕ್ಕೆ. ಆವತ್ತು ನನ್ ಮುಖಕ್ಕೆ ಮಸಿ ಹಚ್ಚಿದೆಯಲ್ಲ, ಲೆಕ್ಕ ಸರಿಹೋಗ್ಲಿ. ತಗಂಡ್ ಬಾ ಅಂದ್ರೆ..."

ಲಾ ಅನ್ನಲಿಲ್ಲ ಇನ್ನೂ. ಆದರೂ ಉಸಿರು ಬಂತು ನನಗೆ.

ಮಾರ್ಚ್ 20, ಸಂಜೆ.

ಎಲ್ಲ ಬರೀಬೇಕು. ಒಂದೊಂದಾಗಿ.

ಮೊದಲು ಇಂಜಿನ್ನು ಮೇಲಿಂದ ಕೆಳಗೆ ಡೀಸೆಲ್ ಹಾಕಿ ಬ್ರಷ್ಷಲ್ಲಿ ತಿಕ್ಕಿ ತೊಳೆದೆವು. ಹೊಸದರ ಹಾಗೆ ಹೊಳೀತು. ಒಣಗಿಸಿದೆವು. ಆಮೇಲೆ ರಾಮಾಂಜಿ ಡಬ್ಬ ಬಗ್ಗಿಸಿ ಬಗ್ಗಿಸಿ ಪೂರ್ತಿ ಪೌಡರ್ ಹೊಡೆದ. ಇಂಜಿನ್ನು ಮದುವೆ ಹೆಣ್ಣು! ಪದ್ಮಾ ಬಾಯಿಗೆ ಸೆರಗು ಮುಚ್ಚಿ ನಗ್ತಿದ್ದಳು. "ಹೂವು ಮುಡಿಸ್ತೀರಾ, ತರ್ಲಾ?"

"ತಡಿಯಮ್ಮ, ಎಲ್ಲಿ ಬೆವರ್ತದೆ ನೋಡೋಣ" ಅಂದ ರಾಮಾಂಜಿ. ಎಲ್ಲಿಂದ ಸೋರುತ್ತೋ ಅಲ್ಲಿ ಬಿಳಿ ಮೇಲೆ ಕಪ್ಪು ಗೆರೆ ಮೂಡುತ್ತೆ. ಗೆರೆ ಹಿಡಿದು ಮೇಲಕ್ಕೆ ಹೋದರೆ ಕಳ್ಳ ಸಿಕ್ಕ.

ಸ್ಟಾರ್ಟ್ ಮಾಡಿದೆ. ಬಿಸಿಯಾಗುವ ತನಕ ಏನೂ ಇಲ್ಲ. ರೇಸ್ ಕೊಡು ಅಂದ. ಕೊಟ್ಟೆ.

ಹಿಂದೆ ಒಂದು ಗೆರೆ ಇಳಿಯಿತು. ಸೀಲಿನ ಜಾಗ. ನಾನು ಅವನ ಮುಖ ನೋಡಲಿಲ್ಲ, ಅವನೂ ನೋಡಲಿಲ್ಲ. ಅಷ್ಟರಲ್ಲಿ ಪದ್ಮಾ ಮುಂದಿನಿಂದ ಕೂಗಿದಳು, "ಇಲ್ಲೂ!" ಮುಂದೆ, ಬೆಲ್ಟ್ ಪುಲ್ಲಿ ಹಿಂದೆ, ಇನ್ನೊಂದು ಗೆರೆ. ಮೇಲೆ ನೋಡಿದರೆ ಇಂಜಿನ್ ತಲೆ ಮುಚ್ಚೋ ಟ್ಯಾಪೆಟ್ ಕವರಿನ ಅಂಚಿನಲ್ಲಿ ಮೂರನೆಯದು. ಮೂರೂ ಒಟ್ಟಿಗೆ ಇಳೀತಿದೆ. ಕಡ್ಡಿ, ನಾನು ಕಟ್ಟಿದ್ದ ದಾರವನ್ನೇ ಎಳೆದುಕೊಂಡು ಎದ್ದು ನಿಂತಿದೆ.

ರಾಮಾಂಜಿ ಆ ಕಡ್ಡಿಯನ್ನೇ ನೋಡ್ತಾ ನಿಂತ. "ಇದು ಯಾವಾಗಿಂದ ಹಿಂಗೆ?"

"ಮೊದಲಿಂದ. ರೋಡು ಕುಲುಕಿ..."

"ರೋಡು ಇಲ್ಲೆಲ್ಲೈತ್ಲಾ? ಮನೆ ಮುಂದೆ ನಿಂತೈತೆ!"

ಲಾ ಅಂದ. ನಾನು ಅದನ್ನೇ ಹಿಡಿದುಕೊಂಡೆ.

"ಒಂದ್ ಕಡೆ ಸೋರಿದ್ರೆ ಸೀಲು ತಪ್ಪು" ಅಂದ. "ಮೂರು ಕಡೆ ಒಂದೇ ಸಲ ಸೋರಿದ್ರೆ ಸೀಲುಗಳದಲ್ಲ. ಒಳಗಿಂದ ಯಾವನೋ ತಳ್ತಾವ್ನೆ ಕಣ್ಲಾ." ಆಯಿಲ್ ಹುಯ್ಯೋ ಮುಚ್ಚಳ ತಿರುಗಿಸಿದ. ಭುಸ್ಸಂತ ಅವನ ಮುಖಕ್ಕೆ ಹೊಡೀತು, ಕುಕ್ಕರ್ ತೆಗೆದ ಹಾಗೆ. ಮುಚ್ಚಳ ತೆಗೆದೇ ಇಟ್ಟು ಮತ್ತೆ ರೇಸ್ ಕೊಡಿಸಿದ.

ಗೆರೆಗಳು ಇದ್ದಲ್ಲೇ ನಿಂತವು. ಮೂರೂ.

"ಹೊಟ್ಟೇಲಿ ಗಾಳಿ ತುಂಬ್ಕಂಡ್ರೆ ಮನುಷ್ಯ ಎಲ್ಲಿಂದಾದ್ರೂ ಬಿಡ್ಬೇಕಲ್ಲ" ಅಂದ. "ಪದ್ಮಮ್ಮ, ತಪ್ಪು ತಿಳೀಬೇಡಿ... ಇದಕ್ಕೆ ಬಿಡೋಕೆ ಒಂದು ದಾರಿ ಕೊಟ್ಟವ್ರೆ. ಬ್ರೀದರ್ ಪೈಪು. ಅದು ಕಟ್ಕಂಡೈತೆ." ಕೆಳಗೆ ನುಗ್ಗಿದ. ಆ ಪೈಪು ಇಂಜಿನ್ನಿನ ಮೇಲಿಂದ ಬದಿಗೆ ಇಳಿದು ಮುಂದಿನ ಚಕ್ರದ ಒಳಗಡೆ ನೇತಾಡುತ್ತೆ. ರಬ್ಬರು.

ಕಾಲು ಮಾತ್ರ ಆಚೆ. ಈ ಸಲ ನಾನು ತಮಾಷೆ ಮಾಡಲಿಲ್ಲ.

"ತಿರುಮಲೇಶ. ಬಾ ಇಲ್ಲಿ. ಇದೇನು ನೋಡು."

ಪೈಪಿನ ಮಧ್ಯೆ ಒಂದು ಗಂಟು. ಕರೀ ಬಟ್ಟೆ, ಆಯಿಲ್ಲು ಧೂಳು ಮೆತ್ತಿ ಕಲ್ಲಾಗಿದೆ. ಎಷ್ಟು ಬಿಗಿ ಅಂದರೆ ರಬ್ಬರು ನಡು ಸಣ್ಣ ಮಾಡಿಕೊಂಡು ಅಂಟಿಹೋಗಿದೆ. "ಸೀಲು ಹಾಕುವಾಗಲೇ ನೋಡಿದ್ದೆ" ಅಂದ. "ಪೈಪು ಅಲ್ಲಾಡದೇ ಇರ್ಲಿ ಅಂತ ನೀನೇ ಚಿಂದಿ ಸುತ್ತಿದೀಯ ಅಂದ್ಕಂಡೆ."

ನಾನು ಸುತ್ತಿಲ್ಲ. ಅವನು ಡೀಸೆಲ್ ಹಾಕಿ ಒರೆಸಿದ. ಕಪ್ಪು ಹೋಯಿತು. ಒಳಗೆ ಹಳದಿ.

ಗಂಟಿನಲ್ಲಿ ಗುಂಡಗೆ, ಗಟ್ಟಿಯಾಗಿ — ನಾಣ್ಯ.

ಇಬ್ಬರೂ ಕೈ ಹಿಂದಕ್ಕೆ ತಗೊಂಡೆವು. ಒಟ್ಟಿಗೆ. ಬಿಸಿ ಮುಟ್ಟಿದ ಹಾಗೆ. ಮುಡುಪು. ದೇವರಿಗೆ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಕಾಸು ಇಟ್ಟು ಕಟ್ಟಿದ್ದು. ಕಟ್ಟಿದವರೇ ತಗೊಂಡು ಹೋಗಿ ದೇವರಿಗೆ ಕೊಡಬೇಕು. ಬೇರೆಯವರು ಬಿಚ್ಚಬಾರದು. ಹರಕೆ ತೀರೋ ಮುಂಚೆ ಅಂತೂ ಬಿಚ್ಚಲೇಬಾರದು.

ಪದ್ಮಾ ಬಗ್ಗಿ ನೋಡಿದಳು. "ಅದು ಅತ್ತೆ ಸೀರೆ ತುಂಡು" ಅಂದಳು.

ಆಮೇಲೆ ರಾಮಾಂಜಿ ತಲೆ ಮೇಲೆ ಕೈ ಇಟ್ಟುಕೊಂಡ. "ಅಯ್ಯೋ ದೇವುಡಾ. ನಾನೇ ತೋರ್ಸಿದ್ದು ಕಣ್ಲಾ." ಇಂಜಿನ್ ಕಟ್ಟಿದ ದಿನ, ಪೂಜೆಗೆ ಅಮ್ಮ ಶೆಡ್ಡಿಗೆ ಬಂದಿದ್ದಳಂತೆ. ಚಳಿ. ಪೈಪಿನ ತುದಿಯಲ್ಲಿ ಹಬೆ ಬರ್ತಿತ್ತು. ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕೇಳಿದಳಂತೆ, "ಇದೇನಪ್ಪ ರಾಮಾಂಜಿ, ಇದು ಉಸಿರಾಡ್ತದೆ?" ಇವನು ಹೇಳಿದನಂತೆ, "ಹೂಂ ದೊಡ್ಡಮ್ಮ, ಲಾರಿ ಉಸಿರು ಇರೋದೇ ಅಲ್ಲಿ."

ಉಸಿರು ಇರೋ ಕಡೆ ಕಟ್ಟಿದ್ದಾಳೆ. ಜೀವ ಇರೋ ಕಡೆ. ಬಿದ್ದುಹೋಗದ ಹಾಗೆ, ಬಿಗಿಯಾಗಿ.

"ಏನಂತ ಹರಕೆ?" ಅಂತ ರಾಮಾಂಜಿ ಕೇಳಿದ. ನಾನು ಪದ್ಮನ ಕಡೆ ನೋಡಿದೆ, ಅವಳು ನೆಲ ನೋಡಿದಳು. ಮೂವರಿಗೂ ಗೊತ್ತು. ಈ ಲಾರಿ ನಿಲ್ಲಲಿ ಅಂತ.

ಬಿಚ್ಚೋ ಹಾಗಿಲ್ಲ. ಬಿಡೋ ಹಾಗೂ ಇಲ್ಲ. ಹೊತ್ತು ಇಳೀತಿತ್ತು. ರಾಮಾಂಜಿ ಬೀಡಿ ಹಚ್ಚಿ, ಸೇದದೆ, ಆರಿಸಿದ.

"ಗಂಟು ಬಿಚ್ಚಬಾರದು, ಅಷ್ಟೇ ತಾನೆ?"

"ಅಷ್ಟೇ."

"ಪೈಪು ಕೊಯ್ಯಬಾರದು ಅಂತ ಯಾವ್ ದೇವ್ರೂ ಹೇಳಿಲ್ವಲ್ಲ."

ಗಂಟಿನ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ, ಗರಗಸದ ಬ್ಲೇಡಿನಲ್ಲಿ ಕೊಯ್ದ. ಗೇಣುದ್ದ ತುಂಡು ಕೈಗೆ ಬಂತು, ಗಂಟು ಇದ್ದ ಹಾಗೇ. ಪದ್ಮಾ ತಟ್ಟೆ ಹಿಡಿದಳು. ಹೊಸ ಪೈಪು ಹಾಕಿದ. ಉಳಿದ ಪೌಡರ್ ಹೊಡೆದು ಸ್ಟಾರ್ಟ್ ಮಾಡಿದೆವು. ಪೈಪಿನ ತುದಿಯಲ್ಲಿ ಉಸಿರು ಬಂತು. ಕಡ್ಡಿ ಕೂತಲ್ಲೇ ಕೂತಿತು. ಪೌಡರ್ ಮೇಲೆ ಒಂದು ಗೆರೆ ಇಲ್ಲ. ಏರು ಹತ್ತಿಸಿಯೂ ಬಂದೆವು. ಇಲ್ಲ.

ರಾಮಾಂಜಿಗೆ ತಪ್ಪಾಯ್ತು ಅಂದೆ. "ಅಂಗಿ ಹೊಸದು ತಗಳ್ಲಾ, ಮೊದ್ಲು" ಅಂದ.

ಮಾರ್ಚ್ 21, ಶುಕ್ರವಾರ. ಸಂಜೆ.

ಅಮ್ಮ ಬಂದಳು. ತಟ್ಟೆ ಮುಂದೆ ಇಟ್ಟೆ. ರಾಮಾಂಜಿಯೂ ಇದ್ದ, ಬಾ ಅಂತ ನಾನೇ ಕರೆದಿದ್ದೆ.

ಅಮ್ಮ ಗಂಟು ಮುಟ್ಟಿ ನೋಡಿದಳು. ಬಿಚ್ಚಿಲ್ಲ ಅಂತ ಗೊತ್ತಾದ ಮೇಲೆ ಮುಖ ಎತ್ತಿದಳು.

"ಇದರಿಂದಾನಾ ಸೋರ್ತಿತ್ತು?"

"ಹೂಂ."

"ಅಂಗಾರೆ ಆಯಮ್ಮ ಕೇಳ್ಸಿಕೊಂಡವ್ಳೆ!" ಒಂದು ಗಳಿಗೆ ಖುಷಿಯೇ ಪಟ್ಟಳು. "ಗುಡ್ಡದ ಅಕ್ಕಮ್ಮ ದೇವ್ರಿಗೆ ಹೇಳ್ಕಂಡಿದ್ದೆ ಕಣ್ಲಾ. ಕಲ್ಯಾಣದುರ್ಗದ ಆಯಮ್ಮನಿಗೆ. ನನ್ ಮಗ ಇಳೀಲಿ, ಈ ಲಾರಿ ನಿಂತೋಗ್ಲಿ ಅಂತ. ಮನೆ ಮುಂದೆ ನಿಂತೋಗ್ಲಿ ಅಂತ..."

ಅಲ್ಲಿಗೆ ಮಾತು ನಿಂತಿತು. ಕಣ್ಣು ನನ್ನ ಮುಖದ ಕಡೆ ಬಂತು.

"ಎಲ್ಲಾದ್ರೂ ನಿಂತಿತ್ತೇನ್ಲಾ? ದಾರೀಲಿ?"

ರಾಮಾಂಜಿ ಟೀ ಲೋಟದೊಳಗೆ ನೋಡಿದ. ಪದ್ಮಾ ಒಳಗೆ ಹೋದಳು. ನಾನು ಅಮ್ಮನ ಮುಖ ನೋಡಿದೆ. ಅಪ್ಪನ ಸುದ್ದಿ ಬಂದ ದಿನವೂ ಹೀಗೇ ನೋಡಿದ್ದಳು, ನಾನು ಆಗ ಅವಳ ಸೊಂಟದೆತ್ತರ.

"ಇಲ್ಲ ಕಣಮ್ಮ. ರಾಮಾಂಜಿ ಶೆಡ್ಡಲ್ಲೇ ನಿಂತಿದ್ದು. ಮತ್ತೆ ಇಲ್ಲಿ, ಮನೆ ಮುಂದೆ."

"ದೇವ್ರಾಣೆ?"

"ನಿಂತಿಲ್ಲಮ್ಮ."

ಯಾರಿಗೋಸ್ಕರ ಹೇಳಿದೆ? ಅವಳಿಗೆ ನೋವಾಗಬಾರದು ಅಂತ. ನಿಜ. ನಿಂತಿತು ಅಂದರೆ ಲಾರಿ ಹೋಗುತ್ತೆ ಅಂತ. ಅದೂ ನಿಜ. ಯಾವುದು ಮೊದಲು ಬಾಯಿಗೆ ಬಂತು ಅಂತ ಈಗ ಕೂತು ಯೋಚಿಸಿದರೆ ಗೊತ್ತಾಗ್ತಿಲ್ಲ. ಅಮ್ಮ ಊಟ ಮಾಡಲಿಲ್ಲ, ಪ್ರಯಾಣದ ಆಯಾಸ ಅಂದಳು. ಪದ್ಮಾ ಅವಳ ಪಕ್ಕದಲ್ಲೇ ಮಲಗಿದಾಳೆ.

ಮಾರ್ಚ್ 22, ಶನಿವಾರ.

ಭ್ರಮರಾಂಬನ ಅಂಗಡಿಯಲ್ಲಿ ಸಂಜೆ ಎಲ್ಲರೂ ಹಿಡಿದು ಕೂರಿಸಿದರು — ಏನಾಯ್ತು ಹೇಳು, ಹೇಳು ಅಂತ. ಹೇಳಿದೆ. ಪೌಡರ್, ಮದುವೆ ಹೆಣ್ಣು, ಭುಸ್ಸಂತ ಬಂದ ಗಾಳಿ... ಬಿದ್ದು ಬಿದ್ದು ನಕ್ಕರು. ಗಂಟಿನ ಮಾತು ಬಂದಾಗ ಸುಮ್ಮನಾದರು. ಕುಂದುರ್ಪಿ ತಿರುವಿನ ಮಾತು ಬಿಟ್ಟು ಹೇಳಿದೆ. ಕತೆ ಅಲ್ಲೊಂದು ಕಡೆ ಕುಂಟಿತು. ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು.

ನಾಳೆ ಕಲ್ಯಾಣದುರ್ಗಕ್ಕೆ ಸಿಮೆಂಟ್. ಲೋಡು ಇವತ್ತೇ ಹತ್ತಿಸಿ ತಂದು ಮನೆ ಮುಂದೆ ನಿಲ್ಲಿಸಿದೀನಿ. ಮುಡುಪು ನಾನೇ ಒಯ್ದು ಕೊಡ್ತೀನಿ ಅಂದೆ ಅಮ್ಮನಿಗೆ. "ಕಟ್ಟಿದೋಳು ನಾನು" ಅಂದಳು, ಅಷ್ಟೇ.

ಮಾರ್ಚ್ 23, ಭಾನುವಾರ. ಬೆಳಗ್ಗೆ.

ಟೀಗೆ ಹೋದರೆ ಮಾರ್ಕೆಟ್ ಮುಂದೆ ನಗೋದೋ ಅಳೋದೋ. ನಿನ್ನೆ ಕತೆ ಕೇಳಿದ ಡ್ರೈವರುಗಳೆಲ್ಲ ಸಾಲಾಗಿ ತಂತಮ್ಮ ಲಾರಿ ಕೆಳಗೆ. ಕಾಲುಗಳು ಮಾತ್ರ ಆಚೆ. ಒಬ್ಬ ಕೂಗಿ ಹೇಳ್ತಾನೆ, "ನಂದು ಸರಿಗೈತೆ!" ಇನ್ನೊಬ್ಬ, "ನಮ್ಮತ್ತೆ ಬಂದೋಗಿ ಹದಿನೈದು ದಿನ ಆಯ್ತು, ಇನ್ನೊಂದ್ ಸಲ ನೋಡು!" ಭ್ರಮರಾಂಬ ಟೀ ಹಿಡಿದು ಕಾಲುಗಳಿಗೆ ಕೊಡ್ತಾ ಹೋಗ್ತಿದ್ದಳು.

ನಗುತ್ತಾ ಮನೆಗೆ ಬಂದೆ. ಕ್ಯಾಬಿನ್ನಿನಲ್ಲಿ ಅಮ್ಮ.

ಅಪ್ಪ ಹೋದ ಮೇಲೆ ಯಾವ ಲಾರಿಯನ್ನೂ ಹತ್ತಿದವಳಲ್ಲ. ಒಗೆದ ಸೀರೆ, ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ಪೈಪಿನ ತುಂಡು, ಪಕ್ಕದಲ್ಲಿ ಎರಡು ತೆಂಗಿನಕಾಯಿ. ಹೆಂಗೆ ಹತ್ತಿದೆ ಅಂದೆ. ಪದ್ಮಾ ತಳ್ಳಿದಳಂತೆ.

"ಎರಡು ಕಾಯಿ ಯಾಕಮ್ಮ?"

"ಒಂದು ಗುಡ್ಡದ ಆಯಮ್ಮನಿಗೆ. ತಪ್ಪಾಯ್ತು ಅಂತ ಹೇಳ್ಬುಟ್ಟು ಕೊಡ್ತೀನಿ."

"ಇನ್ನೊಂದು?"

"ನೀನ್ ನಿಂತಿದ್ದ ಜಾಗದಾಗೆ ಒಡೀತೀನಿ. ಕುಂದುರ್ಪಿ ತಾವ ಅಂತಲ್ಲ? ರಾತ್ರಿ ಪದ್ಮಾ ಎಲ್ಲ ಹೇಳಿದ್ಲು. ನಾನೇ ಕೇಳ್ದೆ, ಅವಳ್ನ ಬೈಬೇಡ."

ಬಾಗಿಲು ಹಿಡಿದುಕೊಂಡು ನಿಂತೆ. ಆಮೇಲೆ ನಾನೇ ಎತ್ತಿದೆ — ಅಮ್ಮ, ಮಾತು ಕೊಟ್ಟಿದ್ದೆ. ಕೇಶವಯ್ಯನಿಗೆ ಫೋನ್ ಮಾಡ್ಲಾ?

ಅವಳು ರೋಡಿನ ಕಡೆಯೇ ನೋಡ್ತಾ ಕೂತಿದ್ದಳು. ಗಾಜಿನ ಆಚೆ, ದೂರಕ್ಕೆ.

"ನಿಲ್ಸಿದ್ದು ನಾನು. ನಿನ್ ಮಾತ್ನಾಗೆ ಅದು ಬರಾಕಿಲ್ಲ. ಇಲ್ಲಿಂದ ಇಷ್ಟ್ ದೂರ ಕಾಣ್ತದಾ ರೋಡು? ನಿಮ್ಮಪ್ಪ ಹೇಳೋನು, ನಾನ್ ನಂಬ್ತಿರ್ಲಿಲ್ಲ..."

ಎರಡು ಸಾಲು ಬರೆದು ಬರ್ತೀನಿ ಅಂತ ಒಳಗೆ ಬಂದೆ. ಕಣ್ಣು ಒರೆಸಿಕೊಳ್ಳೋಕೆ ಬಂದದ್ದು, ಬೇರೇನಿಲ್ಲ. ದಾರಿಯಲ್ಲಿ ಆ ತಿರುವು ಬಂದಾಗ ಎಲ್ಲಿ ನಿಲ್ಲಿಸೋದು ಅಂತ ಯೋಚಿಸ್ತಿದೀನಿ, ರೋಡಿಂದ ಪೂರ್ತಿ ಕೆಳಗಿಳಿಸಿ ಹೊಲದ ಕಡೆ

ಹಾರ್ನ್ ಹೊಡೀತಿದ್ದಾಳೆ. ಬೀದಿಯೆಲ್ಲ ಎದ್ದಿರಬೇಕು. ಬಂದೆ ಕಣಮ್ಮ, ಬಂ